ತುಳಿಯಬಾರದ ಹಲಗೆ

ಇದು ಕ್ಯೋಟೋದಲ್ಲಿ, ನನ್ನ ಗೋಡೆಯಾಚೆಯ ಮನೆಯಲ್ಲಿ ನಡೆದದ್ದು. ಊರೂರು ಸುತ್ತಿ ಬೇಕಾದಷ್ಟು ದೆವ್ವಗಳ ಸುದ್ದಿ ಕೇಳಿದ್ದೇನೆ, ಹೆಚ್ಚಿನವು ಹೆಂಡದ ಬಾಟಲಿಯಿಂದ ಎದ್ದು ಬಂದವು. ಇದು ಹಾಗಲ್ಲ, ಆ ಮನೆಯ ಶಿಜುಯೆಯೇ ನನಗೆ ಹೇಳಿದ್ದು.

ಕತ್ತಲಾಗಿತ್ತು. ಶಿಜುಯೆ ಮತ್ತು ಅವಳ ತಮ್ಮ ತೊಕುಜಿ ಬೀದಿಯ ಹಳೇ ಬಾವಿ ದಾಟುತ್ತಿದ್ದರು. ಒಳಗೆ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಬೆಳಗಿನಿಂದ ಗುಡಿ ಸುತ್ತಿದ್ದರು. ನರಿದೇವರ ಕೆಂಪು ಕಮಾನುಗಳು, ಪಾಚಿಯ ತೋಟ, ಕೊನೆಗೆ ರಕ್ತದ ಚಾವಣಿಯ ಮಠ.

ಆ ಚಾವಣಿ ಒಂದು ಕಾಲಕ್ಕೆ ಕೋಟೆಯ ನೆಲ. ಸೋತ ಸೈನಿಕರು ಅದರ ಮೇಲೆ ಕೂತು ಎಡದಿಂದ ಬಲಕ್ಕೆ ಹೊಟ್ಟೆ ಸೀಳಿಕೊಂಡರು. ಕಲೆ ಹೋಗಲಿಲ್ಲ. ಯಾರ ಕಾಲೂ ತಾಗದಿರಲಿ ಅಂತ ಹಲಗೆಗಳನ್ನು ತಲೆಯ ಮೇಲಕ್ಕೆ ಏರಿಸಿದರು. ಸನ್ಯಾಸಿ ಬಿದಿರುಕೋಲು ಎತ್ತಿ ತೋರಿಸುತ್ತಾನೆ... ಇದು ಅಂಗೈ, ಇದು ಕೆನ್ನೆ. ಅವತ್ತು ಕೋಲು ಒಂದು ಹೊಸ ಹಲಗೆಯನ್ನು ಬಿಟ್ಟು ಮುಂದೆ ಹೋಯಿತು. ತೊಕುಜಿ ಬಡಗಿ. ಹೋದ ತಿಂಗಳು ಅದನ್ನು ಕೂರಿಸಿದವನು ಅವನೇ.

"ಹಳೇದು ಏನಾಯ್ತೋ?" ಬಾವಿ ದಾಟುತ್ತಾ ಶಿಜುಯೆ ಪಿಸುಗುಟ್ಟಿದಳು.

"ತುದಿ ಹುಳ ತಿಂದಿತ್ತು. ಮಂತ್ರ ಹೇಳಿ ಸುಡ್ತೀವಿ, ಕೊಡು ಅಂದ್ರು. ಸುಡೋಕೆ ಬೇರೆ ಮರ ಕೊಟ್ಟೆ. ನಾಲ್ಕುನೂರು ವರ್ಷದ ಹಲಗೆ ಅಕ್ಕ, ಯಾವ ಬಡಗಿ ಸುಡ್ತಾನೆ?"

"ಎಲ್ಲಿಟ್ಟೆ?"

"ನಮ್ಮ ಬಾಗಿಲ ಒಳಗಿನ ಮೆಟ್ಟಿಲಿಗೆ. ಬೆಳಿಗ್ಗೆ ಅಂಟು ಹಾಕಿ ಕೂರಿಸಿದೆ. ಒಣಗಲಿ ಅಂತಾನೇ ಇಬ್ರೂ ಹಿತ್ತಲಿಂದ ಹೊರಟಿದ್ದು."

"ಕಲೆ?"

"ಒಂದು ಪಾದ ಇತ್ತು. ಕೀಸುಳಿಯಲ್ಲಿ ಕೀಸಿ ಹಾಕಿದೆ."

ಅವಳು ನಿಂತುಬಿಟ್ಟಳು. "ತೊಕು... ಈಗಲೂ ಹಿತ್ತಲಿಂದ ಹೋಗೋಣ. ನಾಳೆ ವಾಪಸ್ ಕೊಡು. ನೀನು ಬಿಟ್ರೆ ನನಗ್ಯಾರಿದ್ದಾರೆ."

"ನನ್ನ ಮನೆಗೆ ನಾನೇ ಕಳ್ಳನ ಹಾಗೆ ನುಗ್ಬೇಕಾ? ಐವತ್ತಾದ್ರೂ ಕಕ್ಕಸಿಗೆ ಹೋಗೋಕೆ ಜೊತೆ ಕರೀತೀಯ ನೀನು."

ಬಾಗಿಲು ಸರಿಸಿದ. ಸರ್ರ್... ಬೂಟು ಕಳಚಿದ. ಅವಳು ತೋಳು ಹಿಡಿದಳು. ಕೊಡವಿಕೊಂಡ. ಬಲಗಾಲಿಟ್ಟ.

ಹಲಗೆಯ ಅಡಿಯಿಂದ ಸದ್ದು... ಒರೆಯಿಂದ ಕತ್ತಿ ಎಳೆದ ಹಾಗೆ. ಸುಂಯ್... ಆಮೇಲೆ ಒದ್ದೆ ಬಟ್ಟೆ ಹರಿದ ಹಾಗೆ. ಅವನು ಕೆಳಗೆ ನೋಡಿದ. ಕಾಲು ಏಳಲಿಲ್ಲ. ಅಕ್ಕ ಸೊಂಟ ಹಿಡಿದು ಎಳೆದಳು. ಮತ್ತೆ ಸುಂಯ್... ಈ ಸಲ ಮಂಡಿಯವರೆಗೂ ಸೀಳಿತು. ಕಾಗದ ಹಚ್ಚಿದ ಬಾಗಿಲ ಮೇಲೆ ರಕ್ತ ಪಟಪಟ ಬಿತ್ತು.

"ಎಳೀಬೇಡ ಅಕ್ಕ," ಅಂದ, ಮೆಲ್ಲಗೆ. "ಕೆಳಗಿಂದ ಹಿಡ್ಕೊಂಡಿದ್ದಾರೆ..."

ಮುಗ್ಗರಿಸಿ ಹಲಗೆಯ ಮೇಲೆ ಬೋರಲು ಬಿದ್ದ. ಮೂರನೆಯ ಸದ್ದು ಉದ್ದವಾಗಿತ್ತು.

ಶಿಜುಯೆಯ ಚೀರಾಟ ಕೇಳಿ ನಾನು ಓಡಿ ಹೋದಾಗ ಅವಳ ತೊಡೆಯ ಮೇಲೆ ಅವನ ತಲೆ ಇತ್ತು. ಕಣ್ಣು ತೆರೆದೇ ಇತ್ತು. ಕರುಳು ಹೊರಗೆ ಬಂದಿತ್ತು. ಪೊಲೀಸರು ಅವಳ ಅಡಿಗೆಮನೆಯ ಚಾಕುಗಳನ್ನೆಲ್ಲ ಒಯ್ದು, ಎಂಟು ದಿನಕ್ಕೆ ಸುಮ್ಮನೆ ವಾಪಸ್ ತಂದಿಟ್ಟರು. ಹೊಟ್ಟೆಯ ಗಾಯ ಎಡದಿಂದ ಬಲಕ್ಕೆ, ಒಂದೇ ಎಳೆತ ಅಂದರು ಡಾಕ್ಟರು.

ನಡೆದದ್ದೇ ಹೀಗೆ. ಮಠದವರು ಹಲಗೆ ಕಿತ್ತು ಒಯ್ಯುವಾಗ ಒಂದು ತುದಿ ಹಿಡಿದವಳು ನಾನು. ಮೇಲೆ, ಕೆಳಗೆ ಕೈಯಾಡಿಸಿ ನೋಡಿದೆ. ಸೂಜಿ ತೂರುವಷ್ಟು ತೂತೂ ಇರಲಿಲ್ಲ.