ಅತ್ತೆಯ ರೂಮಿಗೆ ಗಾಜಿನ ಬಾಗಿಲು

...ಹಿಡಿಕೆ ಹಿಡ್ದು ನೂಕು ಪ್ರತಿಭಾ, ಗಾಜಿನ ಮೇಲೆ ಕೈಯಿಡಬೇಡ, ಬೆರಳಿನ ಗುರುತು ಬೀಳತ್ತೆ. ಹಾಂ, ನಿಮ್ಮವ್ವನ ಸೀರೆ ಎಲ್ಲಾ ಆ ಬೀರುಲಿವೆ, ತಗೋ. ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ನಿನ್ನ ಬೆನ್ಸನ್ ಟೌನ್ ಮನೇಲಿ ಮಲಗಿರೋರಿಗೆ ಎಷ್ಟು ಸೀರೆ ಬೇಕೋ, ನಂಗಂತೂ ಗೊತ್ತಿಲ್ಲ.

ಬೆಳಕು ನೋಡು ಹೇಗಿದೆ! ಮೊದಲು ಮರದ ಬಾಗಿಲಿತ್ತಲ್ಲ, ಹಗಲಲ್ಲೇ ಲೈಟ್ ಹಾಕ್ಬೇಕಿತ್ತು. ಕಗ್ಗದಾಸಪುರದಲ್ಲಿ ಪಕ್ಕದ ಬಿಲ್ಡಿಂಗು ಕಿಟಕಿಗೇ ಅಂಟ್ಕೊಂಡಿರತ್ತೆ, ಬೆಳಕು ಎಲ್ಲಿಂದ ಬರ್ಬೇಕು? ಈಗ ಹಾಲಿಂದ ನೇರ ಬರತ್ತೆ. ಬಂದೋರೆಲ್ಲ ಬಾಯಿ ಬಿಟ್ಕೊಂಡು ನೋಡ್ತಾರೆ. ನಿಮ್ಮವ್ವಂಗೆ ಮಾತ್ರ... ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಅಯ್ಯೋ, ಗಾದೆ ಕಣೇ! ಯಾಕೆ ಹಾಗೆ ದುರುಗುಟ್ಕೊಂಡು ನೋಡ್ತೀಯ?

ಬಾಗಿಲು ಕೂರಿಸಿದ ದಿನವೇ ಹಳೇ ಇಳಕಲ್ ಸೀರೆ ತಂದು ಗಾಜಿಗೆ ಅಡ್ಡ ನೇತುಹಾಕಿದ್ರು. ಹಾಲಲ್ಲಿ ನನ್ನ ಫ್ರೆಂಡ್ಸ್ ರಮ್ಯ, ಸುಜಾತಾ ಎಲ್ಲಾ ಕಾಫಿಗೆ ಬಂದು ಕೂತಿದ್ದಾರೆ, ಇಲ್ಲಿ ಧೋಬಿಘಾಟು! ತೆಗೆದು ಮಡಚಿಟ್ಟೆ. ಮತ್ತೆ ಹಾಕಿದ್ರು. ಮತ್ತೆ ತೆಗೆದೆ. ಯಾವ ಮೂಲೇಲಿ ನಿಂತ್ರೂ ಆಚೆಯೋರಿಗೆ ಕಾಣತ್ತಂತೆ, ಸೀರೆ ಹೇಗೆ ಉಡ್ಲಿ ಅಂತ ಕೇಳಿದ್ರು. ಈ ವಯಸ್ಸಲ್ಲಿ ನಿಮ್ಮನ್ನ ಯಾರು ನೋಡ್ತಾರೆ ಅತ್ತೆ ಅಂದೆ... ತಮಾಷೆಗೆ. ನಿಂಗೂ ನಗು ಬರ್ಲಿಲ್ವಾ?

ಅವತ್ತಿಂದ ಬಚ್ಚಲಲ್ಲೇ, ಆ ಒದ್ದೆ ನೆಲದ ಮೇಲೆ ನಿಂತು ಸೀರೆ ಉಡೋಕೆ ಶುರು ಮಾಡಿದ್ರು. ಅಷ್ಟುದ್ದ ಸೀರೆ, ಒಬ್ಬರು ನಿಲ್ಲೋಷ್ಟು ಜಾಗ. ಜಾರದೆ ಇನ್ನೇನಾಗತ್ತೆ? ವಯಸ್ಸಾದ್ಮೇಲೆ ಹಟ ಮಾಡ್ಬಾರ್ದು.

ನನ್ನ ತಪ್ಪೇನಿದೆ, ನೀನೇ ಹೇಳು. ಗಾಜು ಹಾಕ್ದೋನು ಶಿವಾಜಿನಗರದ ಅಹ್ಮದ್ ಪಾಷಾ. ಅವನು ಕೊಟ್ಟಿದ್ದು ಇದೇ. ಒಳಗಿರೋರು ಕಾಣದಿರೋ ಗಾಜೂ ಸಿಗತ್ತೆ ಅಂತ ನಂಗೇನು ಕನಸು ಬೀಳತ್ತಾ? ಗೊತ್ತಿದ್ರೆ ಹಾಕಿಸ್ತಿರ್ಲಿಲ್ವಾ? ನಾನೂ ಹೆಂಗಸೇ ಅಲ್ವಾ?

ವಾಸಿಯಾದ ತಕ್ಷಣ ಕಳಿಸ್ಬಿಡು ಅವರನ್ನ. ‘ರುದ್ರಾಣಿ, ನಿಮ್ಮತ್ತೆ ಎಲ್ಲಿ’ ಅಂತ ಅಪಾರ್ಟ್‌ಮೆಂಟಿನೋರೆಲ್ಲ ಕೇಳ್ತಾರೆ, ಮುಖ ತೋರ್ಸೋಕಾಗ್ತಿಲ್ಲ.

ಎಲ್ಲಿ ನೋಡ್ತಿದ್ದೀಯ? ಅದು... ನಮ್ಮ ರೂಮು. ನಿಮ್ಮಣ್ಣ ಆಫೀಸಿಗೆ ಹೋಗಿದ್ದಾರೆ. ಹೂಂ, ಗಾಜಿನ ಬಾಗಿಲೇ.

ಇಲ್ಲ, ಪರದೆ ಹಾಕಿಲ್ಲ. ಗಾಜೇ ಹಾಗೆ... ಮಸುಕು.

ಪ್ರತಿಭಾ, ಆ ಗಾಜಿನ ಮೇಲೆ ಕೈಯಿಡಬೇಡ್ವೇ.

...ಎರಡೂ ಒಂದೇ ದಿನ ಹಾಕಿಸಿದ್ದು.