ನಾಕು ಬೆರಳ ಚಿಗುರು

ಮದಲ ಕುಂದರು ಕುಂದಾ. ಖಾನಾಪುರದಿಂದ ಬಸ್ಸಿನ್ಯಾಗ ನಿಂತೇ ಬಂದೀ ಅಂತ, ಮಗಳು ಸಾಯಲಿ ಫೋನ್ ಮಾಡಿದ್ಳು. ಚೀಲಾನರ ಕೆಳಗಿಡು... ಗ್ಯಾಲರಿಯಾಗಿನ ಗಿಡಾ ಏನ್ ಓಡಿ ಹೋಗ್ತಾವ?

ಹೋದ್ಯಲ್ಲಾ. ಹೋಗು, ನೋಡು. ನಿನ್ನ ಗಿಡಾ, ನಿನ್ನ ಗ್ಯಾಲರಿ.

ಹೌದು, ಒಣಗ್ಯಾವ. ಹದಿನಾಕು ಕುಂಡದಾಗ ಐದು ಪೂರಾ ಹೋದ್ವು. ಬಟನ್ ಗುಲಾಬಿ ಮೂರು, ಮತ್ತ ಆ ಗಿಡ್ಡ ದಾಸಾಳ ಎರಡು... ಮೊಣಕಾಲು ದಾಟಬಾರದು ಅಂತ ನೀ ಕುಡಿ ಚಿವುಟಿ ಚಿವುಟಿ ಬೆಳಸಿದ್ದಿ, ಗೊತ್ತದ ನನಗ. ಏನ್ ಮಾಡ್ಲಿ? ಈ ಸಲದ ಬಿಸಲು ಬಿಸಲಲ್ಲ ಮಾರಾಯ್ತಿ! ಎರಡು ತಿಂಗಳು ನೀ ಮಗಳ ಬಾಣಂತನಾ ಮಾಡಿದಿ, ನಾ ಇಲ್ಲಿ ಇವುಗಳ ಬಾಣಂತನಾ ಮಾಡಿದೆ. ದಿನಾ ನೀರು ಹಾಕೀನಿ. ದಿನಾ! ಖರೇ ಹೇಳ್ತೀನಿ.

ಯಾಕ ನಗತೀ? ...ಅದು ನಗಿ ಅಲ್ಲ, ಬಿಡು.

ಸಿಟ್ಟದ ನಿನಗ. ಮೊಮ್ಮಗಳಿಗೆ ಹೆಸರಿಡೂ ದಿನಾ ಅಜ್ಜ ಬರಲಿಲ್ಲ. ಒಂದು ತಾಸಿನ ಹಾದಿ! ನಾ ಬಂದ್ರ ಗಿಡಕ್ಕ ನೀರು ಯಾರು ಹಾಕಬೇಕು ಅಂದೆ. ನೀ ಫೋನ್ ಇಟ್ಟಿ. ಅವತ್ತಿನಿಂದ ಒಂದು ತಿಂಗಳು ಮಾತಿಲ್ಲ, ಕತಿ ಇಲ್ಲ. ಬೀಗರ ಮುಂದ ನಿನ್ನ ಮಾರಿ ಸಣ್ಣದಾತು, ಒಪ್ಕೋತೀನಿ. ಕೂಸಿನ ಮಾರಿ ನೋಡೂದು ಬಿಟ್ಟು ಕುಂಡದ ಮುಂದ ಕುಂತ ಹುಚ್ಚ ಮುದುಕ ನಾ. ಬೈಯಿ. ಜೋರಾಗಿ ಬೈಯಿ!

ಏನ್ ಮಾಡ್ಲಿಕತ್ತೀ? ಬೆರಳಿಟ್ಟು ಏನ್ ಅಳೀತಿ? ಉಳದ ಗಿಡದ ಚಿಗುರು ಅವು. ಬುಡದಿಂದ ಹೊಸದಾಗಿ ಬಂದಾವ, ಛಲೋ ಆತಲ್ಲ... ಹೂಂ, ನಾಕು ಬೆರಳು. ಅದೂ ನಾಕು ಬೆರಳು. ಆ ಮೂಲ್ಯಾಗಿಂದೂ ಅಷ್ಟೇ. ಎಲ್ಲಾ ಒಂದೇ ಅಳತಿ ಇದ್ರ ಏನಾತು? ಒಂದೇ ಮನ್ಯಾಗಿನ ಗಿಡಾ...

ಹಂಗ್ಯಾಕ ನೋಡ್ತಿ?

ಹಾಂ. ಎಲ್ಲಾವೂ ಒಂದೇ ದಿನಾ ನೀರು ಕಂಡಾವ, ಅದಕ್ಕ ಒಂದೇ ಅಳತಿ. ಅದಕ್ಕೂ ಮದಲ ಹನ್ನೊಂದು ದಿನಾ ಹನಿ ನೀರಿಲ್ಲ. ಇದನ್ನೇ ಅಲ್ಲೇನು ನೀ ಅನ್ನೂದು? ಮೂವತ್ತು ವರ್ಷ ಗಿಡದ ಜೋಡಿ ಬಾಳೇ ಮಾಡಿದಾಕಿಗೆ ಸುಳ್ಳು ಹೇಳಲಿಕ್ಕ ಹೋದೆ, ನಾನೇ ಮಬ್ಬ. ಬೆರಳು ಮಡಚಬ್ಯಾಡ. ಎಣಸಬ್ಯಾಡ ಕುಂದಾ... ಹೌದು, ಹೆಸರಿಡೂ ದಿನಾನೂ ಅದರಾಗೇ ಬರ್ತದ.

ಪಾರಿಶ್ವಾಡಕ್ಕ ಹೋಗಿದ್ದೆ. ಬಾಜೂಮನಿ ಗುರುಪುತ್ರಪ್ಪನ ಊರಲ್ಲಾ, ಅಂವ ಭಾಳ ಕರದ, ಅದಕ್ಕ... ಯಾರಿಗೆ ಫೋನ್ ಮಾಡ್ತೀ? ಅವಗ ಬ್ಯಾಡ. ಇಡು. ಇಡು ಅಂದೆ! ಅವನೇ ನನ್ನ ಆಟೋದಾಗ ಹಾಕ್ಕೊಂಡು ದವಾಖಾನೀಗೆ ಒಯ್ದಾಂವ.

ಎದಿ... ಸಣ್ಣದು, ಅಂಥಾದ್ದೇನಿಲ್ಲ. ಎರಡು ಸ್ಟೆಂಟ್ ಹಾಕ್ಯಾರ. ಈಗ ಎಲ್ಲಾ ಬರೋಬರಿ ಅದ. ಅಂವ ನನ್ನ ಹತ್ರನೇ ಕುಂತಿದ್ದ ಪಾಪ, ಗಿಡಕ್ಕ ಯಾರು ಹಾಕಬೇಕು ನೀರು? ಕೂಸು ಎರಡು ಕಿಲೋ ಸುದ್ಧಾ ಇರಲಿಲ್ಲ. ಸಾಯಲಿ ಒಂದೇ ಸವನ ಅಳತಿದ್ಳು. ನಿನಗ ಹೇಳಿದ್ರ ಅವರನ್ನ ಬಿಟ್ಟು ಓಡಿ ಬರ್ತಿದ್ದಿ. ಅಲ್ಲಿ ಏನರ ಆಗಿದ್ರ? ಅದಕ್ಕ ಗಿಡದ ನೆವಾ ಹೇಳಿದೆ. ಸಿಟ್ಟು ಬಂದ್ರ ಅಲ್ಲೇ ಇರ್ತಾಳ ಅಂತ. ದವಾಖಾನಿ ಖಾಟ್ ಮ್ಯಾಲೆ ಮಲಕೊಂಡೇ ಮಾತಾಡಿದ್ದೆ ಅವತ್ತು. ನೀ ಫೋನ್ ಇಡೂಕಿಂತ ಮದಲ ಹಿಂದ ತೊಟ್ಟಲದ ಹಾಡು ಕೇಳಸ್ತು.

ಇಷ್ಟೇ. ಮುಗೀತು.

ಮುಗೀತು ಅಂದ್ನೆಲ್ಲಾ! ಇನ್ನೂ ಯಾಕ ಹಂಗ ನೋಡ್ತಿ? ಏನರ ಅನ್ನು...

ಹೂಂ. ಹೆದರಿದ್ದೆ. ಚಾಕೂಗಲ್ಲ, ಸೂಜೀಗಲ್ಲ... ನೀ ಹಿಂಗ ಸಿಟ್ಟಾಗಿದ್ದಾಗಲೇ ನಾ ಹೋಗಿಬಿಡ್ತೀನೇನೋ ಅಂತ, ಭಾಳ ಹೆದರಿದ್ದೆ ಕುಂದಾ.