ಏಳು ಅನ್ನೋದೊಂದು ಬಾಕಿ

...ಹಾಗಂತ ನೀನೂ ಊರಿನವರ ಥರ ಮುಖ ತಿರುಗಿಸ್ಕೊಂಡು ನಿಂತ್ರೆ ಹೇಗಣ್ಣಾ? ತಿರುಗಿಸಿದ್ದೀಯೋ ಇಲ್ವೋ, ನನಗೆಲ್ಲಿ ಕಾಣತ್ತೆ ಬಿಡು. ಬೋರಲು ಮಲಗಿ ಮಾಲೀಸು ಮೇಜಿನ ಈ ತೂತಿನಲ್ಲಿ ಮುಖ ಇಟ್ರೆ ಕಾಣೋದು ನೆಲ, ಎಣ್ಣೆ ಬಾಟಲಿನ ಮುಚ್ಚಳ, ನಿನ್ನ ಎರಡು ಬೂಟು. ಅಷ್ಟೆ. ಒಂದು ಬೂಟಿನ ಲೇಸು ಬಿಚ್ಚಿದೆ ನೋಡು, ಕಟ್ಕೋ. ಎಡವಿ ನನ್ನ ಮೇಲೇ ಬಿದ್ದೀಯ... ಕಟ್ಕೊಳಲ್ವಾ? ಸರಿ. ನನ್ನ ಮೇಲಿನ ಕೋಪಾನ ಲೇಸಿನ ಮೇಲೆ ತೀರಿಸ್ಕೋ.

ಬಂದಾಗಿಂದ ಒಂದು ಮಾತಿಲ್ಲ. ಬಾ ಅಂತಿಲ್ಲ, ಮಲಕೋ ಅಂತಿಲ್ಲ. ಗದ್ದ ಎತ್ತಿ ಮೇಜು ತೋರಿಸಿದೆ, ಮುಗೀತು. ನಾನೇನು ದಾರೀಲಿ ಹೋಗೋನಾ? ಮೀಸೆ ಸರಿಯಾಗಿ ಮೂಡೋಕೆ ಮುಂಚೆ ಈ ಫುಟ್‌ಬಾಲ್ ಕ್ಲಬ್ಬಿಗೆ ಬಂದೋನು. ಅವತ್ತಿಂದ ಇವತ್ತಿನ ತನಕ ಈ ಕಾಲು ತಿಕ್ಕಿದ್ದು ನೀನು. ನನ್ನ ಹೆಂಡ್ತಿಗಿಂತ ನಿನಗೇ ಜಾಸ್ತಿ ಪರಿಚಯ ಇದು... ಹಾಂ, ನಗು ಬಂತು ತಾನೆ? ಬೆರಳು ನಡುಗಿದ್ದು ಗೊತ್ತಾಯ್ತು. ನಕ್ಕಿಲ್ಲ ಅಂತ ಸುಳ್ಳು ಹೇಳ್ಬೇಡ.

ಅಲ್ಲಲ್ಲ, ಎಡಗಾಲು ತಿಕ್ಕು ಸಾಕು. ಬಲಗಾಲು ಬೇಡ. ಅದು ಚೆನ್ನಾಗಿದೆ.

ಹೂಂ, ಹೋಗ್ತಿದ್ದೀನಿ. ಮುಚ್ಚುಮರೆ ಏನಿದೆ? ಇವತ್ತು ಸಂಜೆ ಈ ಸೀಸನ್ನಿನ ಕೊನೇ ಆಟ, ಅದರ ಜೊತೆಗೇ ನನ್ನ ಕಾಂಟ್ರ್ಯಾಕ್ಟೂ ಮುಗೀತು. ಆಮೇಲೆ ನಾನು ಯಾರಪ್ಪನ ಆಸ್ತೀನೂ ಅಲ್ಲ. ಈ ಕ್ಲಬ್ಬಿಗೆ ಬಿಡಿಗಾಸು ಕೊಡದೆ ಯಾರು ಬೇಕಾದ್ರೂ ನನ್ನ ಕರ್ಕೊಂಡು ಹೋಗ್ಬಹುದು. ಯಜಮಾನರಿಗೆ ಉರಿ ಹತ್ತಿರೋದು ಅದಕ್ಕೇ. ಚಳಿಗಾಲದಿಂದ ಬೆನ್ನು ಬಿದ್ದಿದ್ರು, ಇನ್ನೆರಡು ವರ್ಷ ಇರು, ರುಜು ಹಾಕು ಅಂತ. ಮನೆ ತನಕ ಬಂದ್ರು, ಸೋಫಾದ ತುದೀಲಿ ಕೂತ್ರು, ಮಗಳಿಗೆ ಬಣ್ಣದ ಪೆನ್ಸಿಲ್ಲಿನ ಡಬ್ಬಿ ಕೊಟ್ರು. ನಾನು ಹಾಕಲ್ಲ ಅಂದೆ. ಪತ್ರಿಕೆಯವರು ಮೈಕು ಮುಂದೆ ಹಿಡಿದಾಗ್ಲೂ ಅದನ್ನೇ ಅಂದೆ, ಇನ್ನೊಂದು ಮಾತೂ ಸೇರಿಸಿದೆ: ನನ್ನ ಆಟಕ್ಕೆ ಈ ಅಂಗಳ ಚಿಕ್ಕದಾಯ್ತು. ಆ ಒಂದು ಮಾತಿಗೆ ಊರಿಗೆ ಊರೇ ಹೊತ್ಕೊಂಡು ಉರೀತು.

ಉರೀಲಿ. ನಿಷ್ಠೆಯಂತೆ ನಿಷ್ಠೆ. ಗೋಡೆ ಅಂತ ಕರೀತಿದ್ವಲ್ಲ, ನಮ್ಮ ಹಳೇ ಗೋಲ್‌ಕೀಪರ್, ಅವನಿಗಿಂತ ನಿಷ್ಠೆ ಇತ್ತಾ ಯಾರಿಗಾದ್ರೂ? ಸೊಂಟ ಹೋಯ್ತು ಅಂತ ಗೊತ್ತಾದ ಮರುದಿನ ಅವನ ಗ್ಲೌಸು, ಟವೆಲ್ಲು, ಸೋಪಿನ ಡಬ್ಬಿ ಎಲ್ಲ ಒಂದು ರಟ್ಟಿನ ಪೆಟ್ಟಿಗೇಲಿ ಹಾಕಿ ಗೇಟಿನ ಹತ್ರ ಇಟ್ಟಿದ್ರು. ಕೆಲಸ ಹೋಯ್ತು ಅಂತ ಅವನಿಗೆ ಮೊದಲು ಹೇಳಿದ್ದು ಯಾರು? ಗೇಟು ಕಾಯೋನು! ಕ್ಲಬ್ಬು ಕೈ ಬಿಟ್ರೆ ವ್ಯವಹಾರ, ಆಟಗಾರ ಕೈ ಬಿಟ್ರೆ ದ್ರೋಹ. ಇದು ಯಾವ ಸೀಮೆ ನ್ಯಾಯ, ನೀನೇ ಹೇಳು.

ಹೇಳಲ್ಲ. ಗೊತ್ತು.

ಮೆತ್ತಗೆ ಅಣ್ಣಾ. ಕೋಪ ಇದ್ರೆ ಬಾಯಲ್ಲಿ ಬೈ, ಹೆಬ್ಬೆರಳಲ್ಲಿ ಯಾಕೆ ಬೈತೀಯ?

ಇಷ್ಟು ದಿನ ಯಾಕೆ ಈ ಕಡೆ ತಲೆ ಹಾಕ್ಲಿಲ್ಲ ಅಂತ ಕೇಳ್ಬೇಕು ನೀನು. ಕೇಳ್ತಿಲ್ಲ, ಆದ್ರೂ ಹೇಳ್ತೀನಿ. ಬಿಡುವಿರ್ಲಿಲ್ಲ. ಮನೇಲೇ ಎಣ್ಣೆ ಹಚ್ಕೊಂಡೆ, ನಾನೇ ಪಟ್ಟಿ ಸುತ್ಕೊಂಡೆ. ಎಲ್ಲದಕ್ಕೂ ನಿನ್ನ ಹತ್ರ ಓಡಿ ಬರೋಕೆ ನಾನೇನು ಹಾಲುಗಲ್ಲದ ಹುಡುಗನಾ? ಇವತ್ತು ಬಂದಿದ್ದು ಯಾಕೆ ಗೊತ್ತಾ? ಕಾಲಿಗೋಸ್ಕರ ಅಲ್ಲ. ಕೊನೇ ಸಲ ನಿನ್ನ ಬಾಯಲ್ಲಿ ಏಳು ಅನ್ನಿಸ್ಕೊಂಡು ಹೋಗೋಣ ಅಂತ.

ಮೊದಲನೇ ವರ್ಷ ನೆನಪಿದೆಯಾ? ಬೆನ್ನ ಮೇಲೆ ಹೊಸದಾಗಿ ಏಳು ನಂಬರ್ ಹಾಕಿದ್ರು. ಯಾವನೋ ಅಡ್ಡಗಾಲು ಕೊಟ್ಟ, ಕೆಸರಲ್ಲಿ ಮಕಾಡೆ ಬಿದ್ದೆ. ಸ್ಟ್ಯಾಂಡಿಂದ ಒಬ್ಬ ಏಳು ಅಂತ ಕೂಗಿದ. ನನ್ನ ಕರೆದನೋ, ಎಬ್ಬಿಸಿದನೋ, ಅವನಿಗೇ ಗೊತ್ತಿರ್ಲಿಕ್ಕಿಲ್ಲ. ಪಕ್ಕದೋನು ಕೂಗಿದ. ಆಮೇಲೆ ಇಡೀ ಮೈದಾನ. ಏಳು, ಏಳು, ಏಳು... ನಾನು ಎದ್ದೆ, ಚೆಂಡು ಕಿತ್ಕೊಂಡೆ, ಗೋಲೂ ಹೊಡೆದೆ. ಅವತ್ತಿಂದ ಅದೇ ನನ್ನ ಹೆಸರು. ಪೇಪರಿನವನಿಗೂ ಏಳು, ಹಾಲಿನವನಿಗೂ ಏಳು. ನಮ್ಮಮ್ಮ ಕೂಡ ಫೋನಲ್ಲಿ ಏಳು ಇದಾನಾ ಅಂತ ಕೇಳ್ತಾಳೆ. ನೀನಂತೂ ಅದನ್ನ ಪದ್ಧತೀನೇ ಮಾಡ್ಕೊಂಡೆ. ತಿಕ್ಕಿ ಮುಗಿದ ಮೇಲೆ ಬೆನ್ನಿಗೊಂದು ಏಟು, ಏಳು ಅನ್ನೋದೊಂದು ಮಾತು. ನೀನು ಅನ್ನೋ ತನಕ ನಾನು ಈ ಮೇಜಿಂದ ಇಳಿದೋನಲ್ಲ. ಒಂದ್ಸಲ ನೀನು ಮರೆತು ಊಟಕ್ಕೆ ಹೋದೆ, ನಾನು ಇಲ್ಲೇ ಗೊರಕೆ ಹೊಡೀತಿದ್ದೆ. ಆಟ ಶುರುವಾಗೋ ಹೊತ್ತಿಗೆ ಮ್ಯಾನೇಜರು ಏಳು ಎಲ್ಲಿ, ಏಳು ಎಲ್ಲಿ ಅಂತ ಕಕ್ಕಸು ಕೋಣೆ ಬಾಗಿಲೆಲ್ಲ ಬಡ್ಕೊಂಡು ತಿರುಗಿದ್ರಂತೆ.

ಕೇಳಿಸ್ತಾ? ಮೇಲೆ ಸ್ಟ್ಯಾಂಡಿಗೆ ಜನ ಬರೋಕೆ ಶುರುಮಾಡಿದ್ರು. ಕುರ್ಚಿ ಬಿಡಿಸೋ ಸದ್ದು. ಇವತ್ತು ಬೇಗ ಬಂದಿದ್ದಾರೆ, ನನ್ನ ಬೈಯೋಕೆ ಒಳ್ಳೇ ಜಾಗ ಹಿಡೀಬೇಕಲ್ಲ.

ಹೋದ ವಾರ ನೀನೂ ಅಲ್ಲೇ ಇದ್ದೆ. ನಾನು ಬಿದ್ದೆ. ಯಾರೂ ತಳ್ಳಿರ್ಲಿಲ್ಲ, ಹುಲ್ಲು ಒದ್ದೆ ಇತ್ತು, ಜಾರ್ತು. ಒಂದು ಗಳಿಗೆ ಮೈದಾನ ಗಪ್‌ಚಿಪ್. ಅಭ್ಯಾಸಬಲ ನೋಡು, ನೆಲದ ಮೇಲೆ ಬಿದ್ಕೊಂಡು ಆ ಕೂಗಿಗೆ ಕಾದೆ. ಬಂತು. ಬೀಳು ಅಂತ ಬಂತು. ಬೀಳು, ಬೀಳು, ಬೀಳು... ಎಷ್ಟು ಚೆನ್ನಾಗಿ ಪ್ರಾಸ ಹಿಡಿದ್ರು ಬಡ್ಡೀಮಕ್ಕಳು! ನಾನು ನಕ್ಕೆ. ಎದ್ದು ನಿಂತು, ಇನ್ನೂ ಜೋರಾಗಿ ಅಂತ ಕಿವಿಗೆ ಕೈ ಹಿಡಿದು ತೋರಿಸಿದೆ. ನೀನು ಚೀಲ ಹಿಡ್ಕೊಂಡು ಓಡಿ ಬಂದೆ, ನಿನ್ನ ಎದೆಗೆ ಕೈ ಹಾಕಿ ತಳ್ಳಿದೆ. ಅದಕ್ಕಾ ಈ ಮುನಿಸು? ಎಲ್ಲರೆದುರಿಗೆ ತಳ್ಳಬಾರದಿತ್ತು, ಒಪ್ತೀನಿ. ಆದ್ರೆ ನನಗೇನೂ ಆಗಿರ್ಲಿಲ್ಲ. ಸುಮ್ಸುಮ್ನೆ ಬಂದು ಕಾಲು ಮುಟ್ಟೋಕೆ ಹೋದೆ ನೀನು.

ಬಲಗಾಲು ಬೇಡ ಅಂದ್ನಲ್ಲ.

ಎಲ್ಲಿಗೆ ಹೋಗ್ತಿದ್ದೀಯ ಅಂತ ತಾನೆ ನಿನ್ನ ಪ್ರಶ್ನೆ? ಕಡಲಿರೋ ಊರಿಗೆ. ಆ ಕ್ಲಬ್ಬಿನವರು ನನಗೋಸ್ಕರ ಬಾಯಿ ಬಾಯಿ ಬಿಡ್ತಿದ್ದಾರೆ. ನನ್ನ ಭಾವಮೈದನೇ ನನ್ನ ಏಜೆಂಟು, ಗೊತ್ತಲ್ಲ, ಅವನಿಗೆ ದಿನಾ ಫೋನು. ಮಗಳಂತೂ ಕುಣೀತಿದ್ದಾಳೆ. ಶಾಲೇಲಿ ಯಾರೋ ನಿಮ್ಮಪ್ಪ ಗಾಳಿ ಬಂದ ಕಡೆ ತೂರಿಕೊಳ್ಳೋನು ಅಂದನಂತೆ, ಇವಳು ಅವನ ತಲೆಕೂದಲು ಹಿಡಿದು ಜಗ್ಗಿ ಬಂದಿದ್ದಾಳೆ. ನನ್ನ ಮಗಳು! ಆಮೇಲೆ ಅಮ್ಮನ್ನ ಕಾಡಿ ಬೇಡಿ ಈಜೋ ಕನ್ನಡಕ ಕೊಡಿಸ್ಕೊಂಡಿದ್ದಾಳೆ. ಈಗ ಅದನ್ನ ಹಾಕ್ಕೊಂಡೇ ಊಟಕ್ಕೆ ಕೂರ್ತಾಳೆ. ಅನ್ನ ಎಲ್ಲಾ ನೀಲಿ ಕಾಣತ್ತಂತೆ. ಯಾವತ್ತು ಹೊರಡೋದಪ್ಪಾ ಅಂತ ದಿನಾ ಕೇಳ್ತಾಳೆ.

ಯಾವತ್ತು ಅಂದ್ರೆ... ಅದೇ, ಮಾತುಕತೆ ನಡೀತಿದೆ. ಇಂಥದ್ದೆಲ್ಲ ಗಡಿಬಿಡೀಲಿ ಆಗಲ್ಲ. ಅವರ ಡಾಕ್ಟರು ಒಂದು ಸಲ ಕಾಲು ನೋಡ್ಬೇಕಂತೆ, ರುಜುಗೆ ಮುಂಚೆ. ಎಲ್ಲಾ ಕ್ಲಬ್ಬಲ್ಲೂ ಇದ್ದಿದ್ದೇ ಅದು, ಇಲ್ಲೂ ಹಾಗೇ ತಾನೆ? ಹೋಗ್ತೀನಿ. ಎರಡು ಸಲ ಕರೆದ್ರು, ಒಂದ್ಸಲ ನೆಗಡಿ, ಒಂದ್ಸಲ ಮನೇಲಿ ನೆಂಟರು. ಅವಸರ ಏನು? ಕಡಲು ಎಲ್ಲಿಗೂ ಓಡಿ ಹೋಗಲ್ಲ...

ಅಣ್ಣಾ. ಅದು ಬಲಗಾಲು.

ಕೈ ತೆಗಿ. ಮಂಡಿ ಹತ್ರ ಬೇಡ ಅಂದೆ. ಮಡಿಸಬೇಡ, ಅದು ಅಲ್ಲಿಂದಾಚೆಗೆ... ಅಮ್ಮಾ.

...

ಏನಿಲ್ಲ. ಕೈ ತಣ್ಣಗಿತ್ತು, ಅದಕ್ಕೆ ಬೆಚ್ಚಿಬಿದ್ದೆ. ತಿಕ್ಕು. ಎಡಗಾಲು ತಿಕ್ಕು, ಇನ್ನೂ ಮುಗಿದಿಲ್ಲ. ಯಾಕೆ ನಿಲ್ಲಿಸಿದೆ? ಕೈ ಅಲ್ಲೇ ಇಟ್ಕೊಂಡು ಯಾಕೆ ನಿಂತಿದ್ದೀಯ? ಅಷ್ಟೊತ್ತಿಂದ ಸುಮ್ನಿದ್ದೆ, ಸರಿ, ಅದು ಕೋಪ ಅನ್ಕೊಂಡೆ. ಆದ್ರೆ ಈಗ ಇದು... ಏನಾದ್ರೂ ಮಾತಾಡು ಮಾರಾಯ. ಬೂಟು ಎಲ್ಲಿಗೆ ಹೊರಟ್ವು? ಮ್ಯಾನೇಜರ ಹತ್ರಾನಾ? ಬೇಡ ಅಣ್ಣಾ, ನಿನಗೆ ಕೈ ಮುಗೀತೀನಿ...

ಓ. ಯಾಕೆ ನೆಲದ ಮೇಲೆ ಕೂತ್ಕೊಂಡೆ?

ಹಾಗೆ ನೋಡ್ಬೇಡ. ಕೆಳಗಿಂದ ನೋಡಬೇಡ ನನ್ನ. ಇಷ್ಟು ವರ್ಷ ಈ ತೂತಿನಲ್ಲಿ ನಿನ್ನ ಮುಖ ಕಂಡಿರ್ಲಿಲ್ಲ, ಇವತ್ತು ಯಾಕೆ...

ಯಾವಾಗಿಂದ ಗೊತ್ತು ನಿನಗೆ?

ಹೋದ ವಾರದಿಂದಲಾ? ಅದಕ್ಕೂ ಮುಂಚೆ? ಹಾಗಾದ್ರೆ ಬೆರಳು ನಡುಗಿದ್ದು ನಗು ಬಂದು ಅಲ್ಲ. ನಾನೊಬ್ಬ ಪೆದ್ದ, ಗಂಟಲು ಹರ್ಕೊಂಡು ಭಾಷಣ ಬಿಗೀತಿದ್ದೀನಿ ಇಲ್ಲಿ.

ಹೂಂ. ಹೋಯ್ತು. ಮಂಡಿ ಹೋಯ್ತು. ಚಳಿಗಾಲದಲ್ಲೇ ಹೋಯ್ತು. ಟೋಪಿ ಹಾಕ್ಕೊಂಡು ಬೇರೆ ಊರಿನ ಡಾಕ್ಟರ ಹತ್ರ ಹೋಗಿದ್ದೆ, ಫುಟ್‌ಬಾಲ್ ನೋಡ್ದೇ ಇರೋನು. ಏನು ಕೆಲಸ ಅಂತ ಕೇಳಿದ. ಪೋಸ್ಟ್‌ಮನ್ ಅಂದೆ. ಹಾಗಾದ್ರೆ ಒಂದು ಸೈಕಲ್ ತಗೊಳ್ಳಿ, ಜಾಸ್ತಿ ನಡೀಬೇಡಿ, ಇನ್ನೊಂದ್ಸಲ ಜೋರಾಗಿ ಬಿದ್ರೆ ಕೋಲೇ ಗತಿ ಅಂದ. ನಗು ಅಣ್ಣಾ, ಈಗ ನಗು. ಏಳು ನಂಬರ್ ಪೋಸ್ಟ್‌ಮನ್.

ಯಜಮಾನರು ರುಜು ಹಾಕು ಅಂತ ಬಂದು ಕೂತಾಗ ಯಾಕೆ ಹಾಕ್ಲಿಲ್ಲ ಗೊತ್ತಾ? ಹಾಕ್ತೀನಿ ಅಂದ್ರೆ ಡಾಕ್ಟರಿಗೆ ಕಾಲು ತೋರಿಸ್ಬೇಕು. ತೋರಿಸಿದ್ರೆ ಗೋಡೆಗೆ ಮಾಡಿದ್ದೇ ನನಗೂ. ರಟ್ಟಿನ ಪೆಟ್ಟಿಗೆ ಬಿಡು, ಅದನ್ನ ಸಹಿಸ್ಕೋಬಹುದು. ಆಮೇಲೆ ಅವನನ್ನ ಕರೆಸಿ ಮೈದಾನ ಸುತ್ತಿಸಿದ್ರಲ್ಲ, ಎರಡೂ ಕಂಕುಳಲ್ಲಿ ಊರುಗೋಲು... ಆ ಚಪ್ಪಾಳೆ ಕೇಳಿದ್ಯಾ ನೀನು? ಮೆತ್ತಗೆ, ಮಗು ಎದ್ದುಬಿಡತ್ತೇನೋ ಅನ್ನೋ ಹಾಗೆ ತಟ್ಟಿದ್ರು. ಈಗ್ಲೂ ಪ್ರತಿ ಆಟಕ್ಕೂ ಬರ್ತಾನೆ, ಗೇಟಿನ ಹತ್ರ ಕೂರ್ತಾನೆ. ಜನ ಟೀ ತಂದು ಕೊಡ್ತಾರೆ, ಮುಖ ಮಾತ್ರ ನೋಡಲ್ಲ. ಅಯ್ಯೋ ಪಾಪ ಅಂತಾರೆ. ನನಗದು ಬೇಡ. ಆ ಪಾಪ ನನಗೆ ಬೇಡ ಅಣ್ಣಾ! ಬೈಯಲಿ. ಅಪ್ಪ ಅಮ್ಮ ಎಲ್ಲಾ ಸೇರಿಸಿ ಬೈಯಲಿ. ಜನ ಬೈಯೋದು ಆಡ್ತಿರೋನನ್ನ. ಪಾಪ ಅನ್ನೋದು ಮುಗಿದುಹೋದೋನನ್ನ.

ಕಡಲ ಊರಿಗೆ ಭಾವಮೈದ ಈಗ ಫೋನು ಮಾಡಿದ್ರೂ ಎತ್ತೋರಿಲ್ಲ. ಅವನಿಗೂ ನಿಜ ಗೊತ್ತಿಲ್ಲ, ಹೆಂಡ್ತಿಗೂ ಇಲ್ಲ. ಮಗಳಿಗೆ... ಅವಳನ್ನ ಕಡಲಿಗೆ ಕರ್ಕೊಂಡು ಹೋಗ್ತೀನಿ. ಅದಕ್ಕೆ ಕ್ಲಬ್ಬು ಯಾಕೆ ಬೇಕು, ಬಸ್ಸು ಸಾಕು. ನಾಳೆ ಹೇಳ್ತೀನಿ ಎಲ್ಲಾನೂ. ಇವತ್ತೊಂದು ಆಟ. ಇವತ್ತೊಂದು ಸಲ ಅವರು ಬಾಯಿಗೆ ಬಂದ ಹಾಗೆ ಬೈಬೇಕು, ನಾನು ಕಿವಿಗೆ ಕೈ ಹಿಡಿದು ನಿಂತು ಕೇಳಬೇಕು. ಆಮೇಲೆ ದ್ರೋಹಿ ಹೊರಟುಹೋದ ಅಂತ ಊರು ಮರೀಲಿ. ಇಷ್ಟೇ ನಾನು ಕೇಳೋದು. ಮ್ಯಾನೇಜರಿಗೆ ಹೇಳ್ಬೇಡ. ಪಟ್ಟಿ ಬಿಗಿಯಾಗಿ ಸುತ್ತು, ಬೆನ್ನಿಗೊಂದು ಏಟು ಹಾಕು, ಆ ಮಾತು ಅಂದ್ಬಿಡು, ನಾನು ಹೋಗ್ತೀನಿ.

ಅನ್ನು.

ತಲೆ ಯಾಕೆ ಅಲ್ಲಾಡಿಸ್ತೀಯ? ಒಂದೇ ಮಾತು. ಸಾವಿರ ಸಲ ಅಂದಿರೋ ಮಾತು... ಆಗಲ್ವಾ? ಹಾಗಾದ್ರೆ ಬೈ. ಇಡೀ ಊರು ಬೈತು, ನೀನೊಬ್ಬನೇ ಬಾಕಿ. ದ್ರೋಹಿ ಅನ್ನು, ಸುಳ್ಳ ಅನ್ನು. ಹಾಗೆ ನೋಡೋದು ಮಾತ್ರ ನಿಲ್ಲಿಸು. ಬಾಯಿ ಬಿಡದೇ ಪಾಪ ಅಂತಿದ್ದೀಯ ನೀನು, ನನಗೆ ಗೊತ್ತಾಗಲ್ವಾ?

ಓಹೋ. ಈಗ ಅರ್ಥ ಆಯ್ತು. ನೀನು ಅನ್ನೋ ತನಕ ನಾನು ಈ ಮೇಜಿಂದ ಇಳಿಯೋನಲ್ಲ ಅಂತ ನಿನಗೆ ಗೊತ್ತು. ಗೊತ್ತಿದ್ದೇ ಬಾಯಿ ಹೊಲ್ಕೊಂಡು ಕೂತಿದ್ದೀಯ, ಬಂದಾಗಿಂದ. ಕಿಲಾಡಿ ನೀನು. ಕೂತ್ಕೋ. ನಾನೂ ಮಲಗಿರ್ತೀನಿ, ಯಾರು ಮೊದಲು ಸೋಲ್ತಾರೋ ನೋಡೇಬಿಡೋಣ. ಹೇಗೂ ಕೆಳಗೇ ಇದ್ದೀಯಲ್ಲ, ಆ ಲೇಸಾದ್ರೂ ಕಟ್ಕೋ.

ಶ್, ತಡಿ. ಮೇಲೆ ಶುರುವಾಯ್ತು. ಎಲ್ಲಾ ಒಟ್ಟಿಗೇ ಕೂಗ್ತಿದ್ದಾರೆ, ಕಾಲು ಬೇರೆ ಬಡೀತಿದ್ದಾರೆ. ಏನು ಕೂಗ್ತಿದ್ದಾರೆ ಅಣ್ಣಾ? ಬೀಳು ಅಂತನಾ, ಏಳು ಅಂತನಾ? ಇಷ್ಟು ಕೆಳಗೆ ಮಾತಿನ ಬಾಲ ಮಾತ್ರ ಕೇಳಿಸ್ತಿದೆ, ಳು, ಳು ಅಂತ. ತಲೆ ಕೇಳಿಸ್ತಿಲ್ಲ ನನಗೆ.

ನೀನಾದ್ರೂ ಹೇಳು.